ಕೆಂಪು ಬಳಿದ ಹೆಸರು

“ಸತ್ತವನ ಹೆಸರಿಗೆ ಕೆಂಪು ಬಳಿಯೋ ಧೈರ್ಯ ಯಾರಿಗಪ್ಪಾ ಬಂತು?”

ಲೀಹ್ವಾ ಕೇಳಿದ್ದು ಯಾರನ್ನೂ ಅಲ್ಲ. ಕೇಳಿಸಿಕೊಳ್ಳಲು ಅಲ್ಲಿ ಯಾರೂ ಇರಲಿಲ್ಲ. ಸೈನಿಕರ ಸ್ಮಶಾನದ ಕಲ್ಲುಗಳು ಸಾಲಾಗಿ ನಡೆದುಹೋಗಿ ಮಂಜಿನೊಳಗೆ ಒಂದೊಂದಾಗಿ ಅಳಿಸಿಹೋಗುತ್ತಿದ್ದವು. ಕೆಳಗೆಲ್ಲೋ ಸಮುದ್ರ ಮೆಲ್ಲನೆ ಉಸಿರು ಎಳೆದು ಬಿಡುತ್ತಿತ್ತು.

ಎದುರಿನ ಕಲ್ಲಿನ ಮೇಲೆ ಸಿಪಾಯಿ ಲಿಮ್ ಚುಯ್‌ಸೆಂಗನ ಹೆಸರು. ಅವನು ಸತ್ತು ನಲವತ್ತೇಳು ವರ್ಷ. ಅಷ್ಟೂ ಕಾಲ ಸವೆದ ಹೊನ್ನುಬಣ್ಣದಲ್ಲಿದ್ದ ಅಕ್ಷರಗಳು ಈ ಬೆಳಗ್ಗೆ ಆಗತಾನೇ ಹಚ್ಚಿದ ಕುಂಕುಮದಂತೆ ಕೆಂಪಾಗಿದ್ದವು. ಲೀಹ್ವಾ ಬೆರಳ ತುದಿ ತಾಗಿಸಿದಳು. ಬಣ್ಣ ಇನ್ನೂ ಹಸಿ.

ಬೆಳಕು ಹರಿಯುವ ಹೊತ್ತಿಗೆ ನಿವೃತ್ತ ಕರ್ನಲ್ ಮೆಂಗ್ ಶಾವ್‌ತಿಂಗ್ ತಮ್ಮ ಹಾಸಿಗೆಯಲ್ಲಿ ಇರಲಿಲ್ಲ. ಅವರ ಪದಕಗಳ ಪೆಟ್ಟಿಗೆಯೂ ಕಪಾಟಿನಲ್ಲಿ ಇರಲಿಲ್ಲ. ಅವರನ್ನು ಹುಡುಕುತ್ತ ಪತ್ತೇದಾರಿ ವಿಭಾಗದ ಡಾಂಗ್ ಲೀಹ್ವಾ ಈ ಗುಡ್ಡಕ್ಕೆ ಬಂದಿದ್ದಳು. ಕಂಡದ್ದು ಪೆಟ್ಟಿಗೆಯೊಳಗಿನ ಪದಕಗಳು ಮಾತ್ರ.

“ಮೇಡಂ, ಯಾರ ಜೊತೆ ಮಾತಾಡ್ತಿದೀರಿ?” ಮಂಜನ್ನು ಸೀಳಿಕೊಂಡು ಏದುಸಿರು ಬಿಡುತ್ತ ಬಂದವನು ಹವಾಲ್ದಾರ್ ಆಬೋಕ್. ನಿವೃತ್ತಿಗೆ ಹತ್ತಿರವಾದವನು, ಹೊಟ್ಟೆ ಅವನಿಗಿಂತ ಮುಂಚೆ ಬಂದು ನಿಲ್ಲುತ್ತಿತ್ತು.

“ಇವನ ಜೊತೆ.”

“ಉತ್ತರ ಕೊಟ್ಟನಾ?”

“ಕೊಟ್ಟಿದಾನೆ ನೋಡು. ಕೆಂಪಕ್ಷರದಲ್ಲಿ.”

ಆಬೋಕ್ ನೋಡಿದ. ಅವನ ಕೈ ತಾನಾಗಿಯೇ ಕೊರಳಿನ ತಾಯಿತದ ಕಡೆ ಹೋಯಿತು. “ಅಯ್ಯೋ! ಬದುಕಿರೋವಾಗಲೇ ಗೋರಿ ಕಟ್ಟಿಸ್ಕೊಂಡವರ ಹೆಸರಿಗೆ ತಾನೆ ಕೆಂಪು? ಸತ್ತ ದಿನ ಅದರ ಮೇಲೆ ಹೊನ್ನು ಬಳೀತಾರೆ. ನಮ್ಮಪ್ಪನ ಪಕ್ಕ ನಮ್ಮಮ್ಮನ ಹೆಸರು ಇವತ್ತಿಗೂ ಕೆಂಪಗಿದೆ. ಪ್ರತಿ ವರ್ಷ ಚಿಂಗ್‌ಮಿಂಗ್ ದಿನ ಹಿರಿಯರ ಪೂಜೆಗೆ ಬಂದು, ‘ನೋಡ್ರೋ, ಇನ್ನೂ ಕೆಂಪಗೇ ಇದೀನಿ’ ಅಂತ ನಗ್ತಾಳೆ. ಆದರೆ ಹೊನ್ನಾದವರು ಮತ್ತೆ ಕೆಂಪಾಗೋದು... ಪೋಲಿ ಹುಡುಗರ ಕೆಲಸ ಮೇಡಂ.”

“ಪೋಲಿ ಹುಡುಗರು ಪದಕ ಇಟ್ಟು ಹೋಗ್ತಾರಾ?”

ಗೋರಿಯ ದಿಬ್ಬದ ಮೇಲೆ ಹಳದಿ ಕಾಗದದ ಪಟ್ಟಿಗಳು ಹಾಸಿದ್ದವು. ಇವತ್ತು ಚಿಂಗ್‌ಮಿಂಗ್, ಕಿನ್ಮೆನ್ ದ್ವೀಪದ ಎಲ್ಲ ಗೋರಿಗಳ ಮೇಲೂ ಅಂಥ ಕಾಗದ ಇರುತ್ತದೆ, ಗಾಳಿಗೆ ಹಾರದಂತೆ ಮೇಲೊಂದು ಕಲ್ಲು ಇರುತ್ತದೆ. ಇಲ್ಲಿ ಕಲ್ಲಿರಲಿಲ್ಲ. ನಾಲ್ಕು ಮೂಲೆಗೆ ನಾಲ್ಕು ಪದಕ ಹೇರಿದ್ದರು.

ಅವು ಯಾರವು ಎಂದು ಕೇಳುವ ಅಗತ್ಯವಿರಲಿಲ್ಲ. ಈ ದ್ವೀಪದಲ್ಲಿ ಕರ್ನಲ್ ಮೆಂಗ್ ಕೈಯಾಡದ ಕಲ್ಲೇ ಇಲ್ಲ. ಬೆಟ್ಟದ ಹೊಟ್ಟೆಯಲ್ಲಿ ದೋಣಿಗಳು ಅಡಗುವಷ್ಟು ದೊಡ್ಡ ಸುರಂಗ ಕೊರೆಸಿದ್ದಕ್ಕೆ ಒಂದು ಪದಕ. ಎದುರು ದಡದ ಚೀನಾದಿಂದ ಶೆಲ್ಲುಗಳು ಬೀಳುತ್ತಿದ್ದಾಗಲೇ ದೋಣಿಕಟ್ಟೆಯನ್ನು ಮತ್ತೆ ಕಟ್ಟಿದ್ದಕ್ಕೆ ಇನ್ನೊಂದು. ನೀರಿಲ್ಲದ ಹಳ್ಳಿಗಳಿಗೆ ಕೆರೆ ತೋಡಿಸಿದ್ದಕ್ಕೆ ಮತ್ತೊಂದು. ಸೇನೆಯ ಎಂಜಿನಿಯರ್ ಆಗಿ ಇಡೀ ಆಯುಸ್ಸನ್ನೇ ಕೊಟ್ಟಿದ್ದಕ್ಕೆ ಕೊನೆಯದು.

ಐದನೆಯದು, ಎಲ್ಲಕ್ಕಿಂತ ಹಳೆಯದು, ಕಡಲತೀರದಲ್ಲಿ ಮೊದಲ ನೆಲಬಾಂಬುಗಳ ಸಾಲು ಹೂತಿದ್ದಕ್ಕೆ ಬಂದದ್ದು, ಇಲ್ಲಿರಲಿಲ್ಲ.

ಆ ಸಾಲನ್ನು ಲೀಹ್ವಾ ಬಲ್ಲಳು. ಅವಳ ಅಣ್ಣ ಆಹಾಯ್ ಸಿಂಪಿ ಹೆಕ್ಕಲು ಹೋಗಿ ಬೇಲಿ ದಾಟಿದ್ದು ಅಲ್ಲೇ. ಆವತ್ತು ಸಂಜೆ ಸಮವಸ್ತ್ರದಲ್ಲಿ ಒಬ್ಬ ಅಧಿಕಾರಿ ಅವರ ಅಂಗಳಕ್ಕೆ ಬಂದು, ಒಂದು ಮಾತೂ ಆಡದೆ, ಅಜ್ಜಿಯ ಮುಂದೆ ಸೊಂಟದವರೆಗೆ ಬಾಗಿ ನಿಂತಿದ್ದರು. ಅಜ್ಜಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡ ಮೇಲೂ ಬಾಗಿಯೇ ಇದ್ದರು. ಅವರೇ ಮೆಂಗ್.

ಲೀಹ್ವಾ ಕಾಗದದ ಪಟ್ಟಿಗಳ ಮೇಲೆ ಬಗ್ಗಿದಳು. ಸಣ್ಣ ಮಡಿಕೆ, ಬೀಸಣಿಗೆಯಂತೆ. ಒಂದು ತುದಿ ಹುಲ್ಲಿನ ಬುಡಕ್ಕೆ ಸಿಕ್ಕಿಸಿ, ಇನ್ನೊಂದು ತುದಿ ಬಿಡಿಸಿ ಹರಡಿದ್ದು. ಅವಳ ಬೆರಳುಗಳು ಆ ಮಡಿಕೆಯನ್ನು ಕಣ್ಣಿಗಿಂತ ಮೊದಲು ಗುರುತಿಸಿದವು. ಅಜ್ಜಿ ಮಡಿಸುತ್ತಿದ್ದದ್ದು ಹೀಗೇ.

“ಆಬೋಕ್, ಕರ್ನಲ್ ಯಾವ ಕಡೆಯವರು?”

“ಷಾಂಡೊಂಗ್. ಉತ್ತರದವರು. ಅವರ ಮಾತು ಕೇಳಿದೀರಲ್ಲ, ಬಾಯಲ್ಲಿ ಬಿಸಿ ಗೆಣಸು ಇಟ್ಕೊಂಡ ಹಾಗೆ.”

“ಷಾಂಡೊಂಗ್‌ನ ಮುದುಕರು ಗೋರಿಗೆ ಕಾಗದ ಹೇಗೆ ಇಡ್ತಾರೆ?”

“ನೆತ್ತಿಯ ಮೇಲೆ ಒಂದೇ ಒಂದು, ಅದರ ಮೇಲೊಂದು ಮಣ್ಣಹೆಂಟೆ. ಆಯ್ತು, ಬಂದ್ವಿ, ಹೋದ್ವಿ ಅಂತ.” ಆಬೋಕನೂ ಬಗ್ಗಿ ನೋಡಿದ. “ಇದು ನಮ್ಮವರ ಮಡಿಕೆ!”

“ನಮ್ಮವರದ್ದು. ಇಲ್ಲಾ, ನೀರಿನ ಆಚೆ ದಡದವರದ್ದು.”

* * *

ಕರ್ನಲ್ ಮೆಂಗ್ ತಮಗಾಗಿ ಕಟ್ಟಿಸಿಕೊಂಡ ಗೋರಿ ಗುಡ್ಡದ ಮೇಲ್ಭಾಗದಲ್ಲಿತ್ತು. ಹೆಂಡತಿ ತೀರಿಕೊಂಡಾಗ ಒಂದೇ ಕಲ್ಲಿನಲ್ಲಿ ಎರಡು ಹೆಸರು ಕೆತ್ತಿಸಿದ್ದರು. ಅವಳದು ಹೊನ್ನು. ಇವರದು ಕೆಂಪು, ಕಾಯುತ್ತಿರುವ ಕೆಂಪು.

ಆಬೋಕ್ ಮುಂದೆ ಹೋದವನು ಕೈಮುಗಿದು ಮೊಣಕಾಲೂರಿದ.

ಕಲ್ಲಿನ ಮೇಲೆ ಎರಡು ಹೆಸರೂ ಹೊನ್ನಾಗಿದ್ದವು.

“ಹೋದರು ಮೇಡಂ. ಕರ್ನಲ್ ಹೋಗಿಬಿಟ್ಟರು.” ಅವನು ದೇವರ ಹೆಸರುಗಳನ್ನು ಒಂದರ ಮೇಲೊಂದು ಉಸಿರತೊಡಗಿದ. “ಕೆಳಗೆ ಸತ್ತವನು ಎದ್ದ, ಅವನ ಜಾಗಕ್ಕೆ ಇವರು...”

“ಕಲ್ಲು ಹೇಳಿದ್ದಕ್ಕೆಲ್ಲ ಹೂಂ ಅನ್ನಬೇಡ. ಏಳು.”

ಹೇಳಿದಳೇ ಹೊರತು ಅವಳೂ ಒಮ್ಮೆ ತಿರುಗಿ ಮಂಜಿನ ಕಡೆ ನೋಡಿದಳು. ಮಂಜಿಗೆ ಕಿವಿಗಳಿವೆ ಎಂದು ಅಜ್ಜಿ ಹೇಳುತ್ತಿದ್ದಳು. ಚಿಂಗ್‌ಮಿಂಗ್ ದಿನ ಮಂಜಿನಿಂದ ಯಾರಾದರೂ ಹೆಸರು ಹಿಡಿದು ಕರೆದರೆ, ಮುಖ ಕಾಣುವವರೆಗೆ ಓಗೊಡಬಾರದು.

ಲೀಹ್ವಾ ಕಲ್ಲಿಗೆ ಮೂಗು ತಾಗುವಷ್ಟು ಹತ್ತಿರ ಕೂತಳು. ಈ ಬಣ್ಣವೂ ಹಸಿ. ಆದರೆ ಅಕ್ಷರದ ಪ್ರತಿಯೊಂದು ಗೀರಿನೊಳಗೂ ಹೊನ್ನು ಅಚ್ಚುಕಟ್ಟಾಗಿ ಕೂತಿತ್ತು. ಒಂದು ಕೂದಲೆಳೆಯಷ್ಟೂ ಅಂಚು ದಾಟಿರಲಿಲ್ಲ. ಕೆಳಗಿನ ಕಲ್ಲಿನಲ್ಲಿ ಕೆಂಪು ಅಂಚು ಮೀರಿ, ಸುರಿದು, ಒರೆಸಿ, ಮತ್ತೆ ಸುರಿದಿತ್ತು.

“ಆಬೋಕ್, ಕರ್ನಲ್ ಬಲಗೈ ಹೇಗಿದೆ?”

“ಹೆಬ್ಬೆರಳು, ತೋರುಬೆರಳು ಎರಡೂ ಇಲ್ಲ. ಸುರಂಗದಲ್ಲಿ ಹೋಯ್ತು. ಚಹಾ ಲೋಟವನ್ನೂ ಎರಡು ಕೈಯಲ್ಲೇ ಹಿಡೀತಾರೆ.”

“ಕೆಂಪು ಬಳಿದಿದ್ದು ಆ ಕೈ. ಹೊನ್ನು ಬಳಿದಿದ್ದು ಬೇರೆ ಕೈ.”

ಮಾತು ಮುಗಿಯುವ ಮೊದಲೇ ಹಿಂದಿನಿಂದ ಬುಟ್ಟಿಯೊಂದು ನೆಲಕ್ಕೆ ಬಿದ್ದ ಸದ್ದಾಯಿತು. ಕರ್ನಲ್ ಮಗಳು ವಾನ್‌ಚೆನ್ ನಿಂತಿದ್ದಳು. ಪಟ್ಟಣದಲ್ಲಿ ಔಷಧದ ಅಂಗಡಿ ಇಟ್ಟುಕೊಂಡವಳು, ಯಾವತ್ತೂ ಗಲಿಬಿಲಿಯಾಗದ ಹೆಂಗಸು. ಬುಟ್ಟಿಯಿಂದ ಮೀನು, ಬೇಯಿಸಿದ ಮೊಟ್ಟೆ, ಹಳದಿ ಕಾಗದ, ಒಂದಷ್ಟು ಬಿಳಿ ಕಲ್ಲು ಉರುಳಿ ಹುಲ್ಲಿನಲ್ಲಿ ಚೆಲ್ಲಿದವು.

“ಯಾರು ನಮ್ಮಪ್ಪನನ್ನ ಸಾಯಿಸಿದ್ದು?” ಎಂದವಳೇ ಮುಂದೆ ನುಗ್ಗಿ ಉಗುರಿನಿಂದ ಆ ಹೊನ್ನನ್ನು ಕೆರೆಯತೊಡಗಿದಳು.

ಲೀಹ್ವಾ ಅವಳ ಎರಡೂ ಕೈ ಹಿಡಿದುಕೊಂಡಳು. “ಅಕ್ಕ, ಬೇಡ. ನನಗೆ ಅದು ಬೇಕು. ಅಪ್ಪ ಸತ್ತಿದ್ದಾರೆ ಅಂತ ಯಾರೂ ಹೇಳಿಲ್ಲ.”

“ಹೇಳೋದಿನ್ನೇನು ಉಳಿದಿದೆ? ಬರೆದೇ ಇಟ್ಟಿದಾರಲ್ಲ!”

“ನಿನ್ನೆ ಮನೇಲಿ ಏನಾದರೂ ನಡೀತಾ?”

ವಾನ್‌ಚೆನ್ ಕೈ ಬಿಡಿಸಿಕೊಂಡಳು. “ಪದಕಗಳ ವಿಚಾರ. ಹೊಸ ಸುರಂಗ ಸಂಗ್ರಹಾಲಯದವರು ಬಂದಿದ್ರು. ಗಾಜಿನ ಪೆಟ್ಟಿಗೇಲಿ ಇಡ್ತಾರಂತೆ, ಕೆಳಗೆ ಹಿತ್ತಾಳೆ ಹಲಗೇಲಿ ಅಪ್ಪನ ಹೆಸರು. ನಾನೇ ಒಪ್ಪಿಕೊಂಡೆ. ಅಪ್ಪ ಅಂದರು, ‘ಹಿತ್ತಾಳೇಲಿ ಬರೆದಿದ್ದನ್ನ ಆಮೇಲೆ ಯಾರೂ ಅಳಿಸಲ್ಲ, ಅಲ್ವಾ?’ ಅಂತ. ಸಂತೋಷಕ್ಕೆ ಹೇಳ್ತಿದಾರೆ ಅಂದ್ಕೊಂಡೆ.”

“ಷಾಂಡೊಂಗ್ ಊರಿನ ಬಗ್ಗೆ ಹೇಳ್ತಿದ್ರಾ?”

“ಒಂದು ಮಾತೂ ಇಲ್ಲ. ಆ ಕಡೆಯವರು ಹಬೆಯಲ್ಲಿ ಬೇಯಿಸಿದ ಗೋಧಿ ಮಂಟೌ ಇಲ್ಲದೆ ಬದುಕಲ್ಲ ಅಂತಾರೆ. ನಮ್ಮಪ್ಪ ಮಂಟೌ ಮುಟ್ಟಲ್ಲ. ಸಿಂಪಿ ಹಾಕಿದ ಅಕ್ಕಿ ಗಂಜಿ ಕೊಟ್ಟರೆ ಮಾತ್ರ ಬಟ್ಟಲು ನೆಕ್ಕಿ ಇಡ್ತಾರೆ. ಅಮ್ಮ ರೇಗಿಸೋಳು, ‘ನೀವು ಎಲ್ಲಿಯ ಷಾಂಡೊಂಗೋ, ನಮ್ಮ ಬೆಸ್ತರ ಕೇರಿಯವರ ಹಾಗೆ ತಿಂತೀರಿ’ ಅಂತ.”

“ಚಿಂಗ್‌ಮಿಂಗ್ ದಿನ ಏನು ಮಾಡ್ತಿದ್ರು?”

“ಬೆಳಗ್ಗೆ ಬೇಗ ಎದ್ದು ಒಬ್ಬರೇ ಹೋಗೋರು. ವಾಪಸ್ ಬಂದಾಗ ಬೂಟಿನ ತುಂಬ ಮರಳು.”

ಲೀಹ್ವಾ ಮತ್ತು ಆಬೋಕ್ ಒಬ್ಬರ ಮುಖ ಒಬ್ಬರು ನೋಡಿದರು. ಈ ಗುಡ್ಡದ ಕೆಳಗೆ ಮರಳಿರುವುದು ಒಂದೇ ಕಡೆ. ಅಲ್ಲಿಗೆ ಯಾರೂ ಹೋಗುವುದಿಲ್ಲ.

ಆಗಲೇ ಮಂಜಿನೊಳಗಿಂದ ಆ ದನಿ ಎದ್ದಿತು. ಒಂದು ಕಾಲದಲ್ಲಿ ಎದುರು ದಡದವರಿಗೆ ಕೂಗಿ ಹೇಳಲೆಂದು ಬಂಡೆಯ ಮೇಲೆ ಕಟ್ಟಿದ್ದ, ವರ್ಷಗಳಿಂದ ಮೂಕವಾಗಿದ್ದ ದೊಡ್ಡ ಧ್ವನಿವರ್ಧಕಗಳನ್ನು ಸೇನೆಯವರು ಇವತ್ತು ತೆರೆದಿದ್ದರು.

“ಕರ್ನಲ್ ಮೆಂಗ್ ಶಾವ್‌ತಿಂಗ್... ಎಲ್ಲಿದ್ದರೂ ಓಗೊಡಿ...”

ಹೆಸರು ನೀರಿನ ಮೇಲೆ ಹೋಗಿ ಎಲ್ಲಿಗೋ ಬಡಿದು ವಾಪಸಾಯಿತು. ಮೂವರೂ ಕಿವಿಗೊಟ್ಟು ನಿಂತರು. ಯಾರೂ ಓಗೊಡಲಿಲ್ಲ.

ಲೀಹ್ವಾ ಚೆಲ್ಲಿದ್ದನ್ನು ಬುಟ್ಟಿಗೆ ತುಂಬಲು ಬಗ್ಗಿದಳು. ಕೈಗೆ ಬಂದ ಬಿಳಿ ಕಲ್ಲು ನುಣುಪಾಗಿತ್ತು, ತಣ್ಣಗಿತ್ತು. “ಕಲ್ಲನ್ನೂ ಮನೆಯಿಂದ ಹೊತ್ಕೊಂಡು ಬಂದ್ರಾ?”

“ಇಲ್ಲ, ಯಾನ್ ತಾತ ಕೊಟ್ಟರು. ಗೇಟಿನ ಹತ್ತಿರ ಕುಕ್ಕೆ ತುಂಬ ಇಟ್ಕೊಂಡು ಬಂದವರಿಗೆಲ್ಲ ಹಂಚ್ತಿದಾರೆ.”

“ಮುದುಕ ಈ ವರ್ಷ ಭಾರಿ ಧಾರಾಳಿ,” ಎಂದ ಆಬೋಕ್. “ನನಗೂ ಎರಡು ಕೊಟ್ಟ.”

* * *

ಸ್ಮಶಾನದ ಕಾವಲುಗಾರ ಯಾನ್ ಶೌತಿಯಾನ್ ಹುನಾನ್ ಕಡೆಯವನು. ಹಳೆಯ ಸಾರ್ಜೆಂಟ್, ಕರ್ನಲ್ ಕೈಕೆಳಗೆ ದುಡಿದವನು. ಗೇಟಿನ ಪಕ್ಕದ ಅವನ ಗುಡಿಸಲಿನಲ್ಲಿ ಕೆಂಡದ ಮಡಕೆ ಉರಿಯುತ್ತಿತ್ತು. ಊದುಬತ್ತಿಯ ವಾಸನೆಯ ಅಡಿಯಲ್ಲಿ ಇನ್ನೊಂದು ವಾಸನೆಯೂ ಇತ್ತು. ಟರ್ಪೆಂಟೈನ್.

“ಬಾ ಮಗಳೇ. ಮಂಜು ಕುಡಿದು ಸಾಕಾಗಿದ್ರೆ ಒಂದು ಗುಟುಕು ಜೋಳದ ಸಾರಾಯಿ ಕುಡಿ.”

“ಕೆಲಸದ ಮೇಲಿದೀನಿ ತಾತ.”

“ನಾನೂ ಕೆಲಸದ ಮೇಲೇ ಇದೀನಿ. ಇಷ್ಟು ಜನರನ್ನ ಕಾಯ್ತೀನಿ, ಇವತ್ತಿನವರೆಗೆ ಒಬ್ಬನೂ ಎದ್ದು ಓಡಿಹೋಗಿಲ್ಲ.”

“ಇವತ್ತು ಒಬ್ಬ ಎದ್ದಿದಾನೆ. ಲಿಮ್ ಚುಯ್‌ಸೆಂಗ್.”

ಸಾರಾಯಿ ಬಗ್ಗಿಸುತ್ತಿದ್ದ ಕೈ ನಿಂತಿತು. ನಡುಗಲಿಲ್ಲ. ಈ ವಯಸ್ಸಿಗೆ ಅಷ್ಟು ನಿಶ್ಚಲವಾದ ಕೈಯನ್ನು ಲೀಹ್ವಾ ನೋಡಿರಲಿಲ್ಲ.

“ಆ ಗೋರೀಲಿ ಯಾರಿದಾರೆ ತಾತ?”

“ಒಂದು ಬೂಟು.”

“ಯಾರ ಬೂಟು?”

ಯಾನ್ ಲೋಟವನ್ನು ತುಟಿಗಿಟ್ಟು ಇಳಿಸಿದ. “ನಿನಗೆ ಗೊತ್ತಾಗಿಯೇ ಕೇಳ್ತಿದೀಯ. ಪೊಲೀಸರದ್ದು ಇದೇ ಕೆಟ್ಟ ಚಾಳಿ.”

“ನನಗೆ ಗೊತ್ತಿರೋದನ್ನ ಹೇಳ್ತೀನಿ, ತಪ್ಪಿದ್ರೆ ತಿದ್ದಿ. ಕರ್ನಲ್ ಆಚೆ ದಡದ ಹಳ್ಳಿಯವರು. ಬದುಕೆಲ್ಲ ಷಾಂಡೊಂಗ್ ಮಾತು ಆಡಿದರು, ಗೋರಿಗೆ ಹೆಂಟೆ ಇಟ್ಟರು. ಇವತ್ತು ತಮ್ಮದೇ ಹೆಸರಿನ ಗೋರಿಯ ಮುಂದೆ ಕೂತಾಗ ಕೈ ಮಾತ್ರ ಅಮ್ಮ ಕಲಿಸಿದ ಹಾಗೆ ಮಡಿಸಿಬಿಡ್ತು. ಅವರೇ ಚುಯ್‌ಸೆಂಗ್. ಬೂಟು ಆ ಇನ್ನೊಂದು ಹೆಸರಿನ ನಿಜವಾದ ಒಡೆಯ, ಲೆಫ್ಟಿನೆಂಟ್ ಮೆಂಗ್ ಅವರದ್ದು.”

ಕೆಂಡ ಚಿಟಿಲ್ ಎಂದಿತು. ಯಾನ್ ಲೋಟ ಬದಿಗಿಟ್ಟ.

“ನಾನು ಲೆಫ್ಟಿನೆಂಟ್ ಮೆಂಗ್ ಅವರ ಆಳು. ಆ ಬೂಟು ಒರೆಸ್ತಿದ್ದವನು. ಇಪ್ಪತ್ತಾರು ವಯಸ್ಸು ಅವರಿಗೆ, ಎಂಜಿನಿಯರಿಂಗ್ ಶಾಲೆ ಮುಗಿಸಿ ಬಂದಿದ್ರು. ಇಡೀ ದಳದಲ್ಲಿ ನೆಲಬಾಂಬಿನ ನಕ್ಷೆ ಓದೋಕೆ ಬರ್ತಿದ್ದದ್ದು ಅವರೊಬ್ಬರಿಗೇ. ಆ ಚುಯ್‌ಸೆಂಗ್ ಆಚೆ ದಡದಲ್ಲಿ ಸಿಕ್ಕ ಕೂಲಿ ಹುಡುಗ. ಪೆಟ್ಟಿಗೆ ಹೊರೋಕೆ ಅಂತ ಹಿಡ್ಕೊಂಡು ಬಂದಿದ್ರು. ಅಳತೆಯ ದಾರ ಹಿಡಿದು ಹಿಡಿದು ಕೆಲಸ ಕಲ್ತುಬಿಟ್ಟ, ಕಳ್ಳ. ಲೆಫ್ಟಿನೆಂಟರಿಗೆ ಅವನಂದ್ರೆ ಪ್ರಾಣ.”

“ಆಮೇಲೆ?”

“ಇಂಥದೇ ಮಂಜು. ಒಂದು ಸದ್ದು. ಬೂಟು ಸಿಕ್ತು.” ಅವನ ದನಿ ಏರಲಿಲ್ಲ, ಇಳಿಯಲಿಲ್ಲ. “ಮಾರನೇ ದಿನ ಜನರಲ್ ಬರೋರಿದ್ರು, ಎಂಜಿನಿಯರನ್ನ ನೋಡೋಕೆ. ನಮ್ಮ ಕ್ಯಾಪ್ಟನ್ ಅಂದ, ‘ಕೂಲಿ ಸತ್ತರೆ ಒಂದು ಗೋರಿ. ಎಂಜಿನಿಯರ್ ಸತ್ತರೆ ಈ ತೀರವೇ ಹೋಯ್ತು.’ ಹುಡುಗನಿಗೆ ಲೆಫ್ಟಿನೆಂಟರ ಅಂಗಿ ತೊಡಿಸಿದ್ರು. ಆ ಕಾಲದಲ್ಲಿ ಅದೇನು ಹೊಸದಲ್ಲ ಮಗಳೇ. ಸತ್ತವರ ಹೆಸರನ್ನ ಖಾಲಿ ಬಿಡ್ತಿರಲಿಲ್ಲ, ಸಿಕ್ಕವನನ್ನ ತಂದು ತುಂಬ್ತಿದ್ರು. ನಮ್ಮಲ್ಲಿ ಅರ್ಧ ಜನ ಯಾರದೋ ಹೆಸರಲ್ಲಿ ಉಣ್ತಿದ್ರು. ಆಮೇಲೆ ಒಬ್ಬೊಬ್ಬರೇ ತಮ್ಮ ಹೆಸರಿಗೆ ವಾಪಸ್ ಹೋದರು. ಇವನಿಗೆ ಹೋಗೋಕಾಗಲಿಲ್ಲ. ಜನರಲ್ ಬಂದು ಎದೆಗೆ ಪದಕ ಚುಚ್ಚಿ ಹೋಗಿದ್ದ.”

“ಮೊದಲನೇ ಪದಕ.”

“ಮೊದಲನೇದು. ನಮ್ಮ ಲೆಫ್ಟಿನೆಂಟರದ್ದು. ಅವತ್ತಿಂದ ಆ ಹೆಸರಿಗೆ ಸಲ್ಯೂಟ್ ಹೊಡೆದು ಬದುಕಿದೆ. ಮುಖ ನೋಡಲಿಲ್ಲ, ಹೆಸರಿಗೆ ಹೊಡೆದೆ.”

“ಹೊನ್ನು ಬಳಿದಿದ್ದು ನೀವು.”

“ನಾನೇ. ಸತ್ತವರಿಗೆ ಹೊನ್ನು ಬಳೀಬೇಕು. ಮೆಂಗ್ ಶಾವ್‌ತಿಂಗ್ ಸತ್ತು ನಲವತ್ತೇಳು ವರ್ಷ. ಸ್ವಲ್ಪ ತಡವಾಯ್ತು, ಅಷ್ಟೆ.”

“ಬಳೀರಿ ಅಂತ ಕರ್ನಲ್ ಹೇಳಿದರಾ?”

ಯಾನ್ ಕೆಂಡ ಕೆದಕಿದ.

ಬಾಗಿಲಲ್ಲಿ ನೆರಳು ಕದಲಿತು. ವಾನ್‌ಚೆನ್ ಅಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಅಳಲಿಲ್ಲ. “ಅದಕ್ಕೇ ಮಂಟೌ ತಿಂತಿರಲಿಲ್ಲ,” ಎಂದಳು ಮೆಲ್ಲಗೆ, ಬಹಳ ದಿನದ ಲೆಕ್ಕವೊಂದು ಸರಿಹೋದವಳಂತೆ. ಆಮೇಲೆ ಕೇಳಿದಳು, “ನಮ್ಮಪ್ಪ ಎಲ್ಲಿ ತಾತ?”

“ಪ್ರತಿ ವರ್ಷ ಹೋಗೋ ಕಡೆ. ಬೂಟು ಸಿಕ್ಕ ಜಾಗಕ್ಕೆ.”

“ಬೇಲಿಯ ಒಳಗಾ?” ಆಬೋಕನ ದನಿ ಸೀಳಿತು. “ಅಲ್ಲಿಂದ ಇನ್ನೂ ಒಂದು ಬಾಂಬೂ ತೆಗೆದಿಲ್ಲ!”

“ಹೂತವರಿಗೆ ದಾರಿ ಗೊತ್ತಿರುತ್ತೆ. ಇಬ್ಬರೂ ಸೇರಿ ಬಿಳಿ ಕಲ್ಲು ಇಟ್ಟು ಗುರುತು ಮಾಡಿದ್ವಿ. ಅವನು ಹೋಗ್ತಾನೆ, ಊದುಬತ್ತಿ ಹಚ್ಚಿ ಬರ್ತಾನೆ. ನಾನು ಬೇಲಿ ಹತ್ರ ಕಾಯ್ತೀನಿ.”

“ಈ ವರ್ಷ ಯಾಕೆ ಕಾಯಲಿಲ್ಲ?”

“ಚಳಿ,” ಎಂದ ಯಾನ್.

ಲೀಹ್ವಾಳ ಕಣ್ಣು ಹೊಸ್ತಿಲ ಪಕ್ಕದ ಕುಕ್ಕೆಯ ಮೇಲೆ ಬಿತ್ತು. ತಳದಲ್ಲಿ ನಾಲ್ಕಾರು ಬಿಳಿ ಕಲ್ಲು ಉಳಿದಿದ್ದವು. ಒಂದನ್ನು ಎತ್ತಿಕೊಂಡಳು. ಅದರ ಅಡಿಗೆ ಪುಟ್ಟ ಸಿಂಪಿಯ ಚಿಪ್ಪು ಅಂಟಿತ್ತು. ಮೂಗಿಗೆ ಹಿಡಿದಳು.

ಉಪ್ಪಿನ ವಾಸನೆ.

* * *

ಬೇಲಿಯ ತಂತಿಗೆ ಕೆಂಪು ತ್ರಿಕೋನಗಳನ್ನು ಕಟ್ಟಿದ್ದರು. ಅದರಾಚೆ ಮರಳಿರಲಿಲ್ಲ, ಸಮುದ್ರವಿರಲಿಲ್ಲ. ಬರೀ ಬಿಳುಪು. ಅದರೊಳಗಿಂದ ಭರತದ ನೀರು ಮೇಲೇರುವ ಸದ್ದು, ಒಂದು ಹೆಜ್ಜೆ ಮುಂದೆ, ಅರ್ಧ ಹೆಜ್ಜೆ ಹಿಂದೆ.

ಸೇನೆಯ ಬಾಂಬು ತೆಗೆಯುವ ತಂಡ ತೈವಾನಿನಲ್ಲಿತ್ತು. ಮಂಜಿಗೆ ವಿಮಾನ ಇಳಿಯುವಂತಿರಲಿಲ್ಲ. ದೋಣಿ ಬರೋಣವೆಂದರೆ ನೀರಿನೊಳಗೆ ಉದ್ದಕ್ಕೂ ಕಬ್ಬಿಣದ ಮೊಳೆಗಂಬಗಳು. ಅವನ್ನು ನೆಡಿಸಿದ್ದೂ ಕರ್ನಲ್ ಮೆಂಗ್.

“ಭರತ ಪೂರ್ತಿ ಏರಿದರೆ ಆ ಜಾಗ ಮುಳುಗುತ್ತೆ,” ಎಂದ ಆಬೋಕ್, ವಾನ್‌ಚೆನ್‌ಗೆ ಕೇಳಿಸದಂತೆ.

ಬಂಡೆಯ ಮೇಲಿನ ಧ್ವನಿವರ್ಧಕ ಇನ್ನೊಮ್ಮೆ ಕೂಗಿತು. ಕರ್ನಲ್ ಮೆಂಗ್ ಶಾವ್‌ತಿಂಗ್. ಮಂಜು ಅದನ್ನು ನುಂಗಿತು.

ಲೀಹ್ವಾ ತಂತಿಯನ್ನು ಎರಡೂ ಕೈಯಿಂದ ಹಿಡಿದಳು. ಅಣ್ಣ ಆಹಾಯ್ ದಾಟಿದ್ದು ಇಲ್ಲೇ ಎಲ್ಲೋ. ಅವಳ ಬಾಯಿಗೆ ಅಜ್ಜಿಯ ಮಾತು ಬಂತು, ಈ ದಡದವರೂ ಆ ದಡದವರೂ ಮನೆಯೊಳಗೆ ಆಡುವ ಮಾತು.

“ಚುಯ್‌ಸೆಂಗಾ! ಓ ಚುಯ್‌ಸೆಂಗಾ! ಮನೆಗೆ ಬಾ, ಗಂಜಿ ಆರ್ತಾ ಉಂಟು!”

ಆಬೋಕ್ ಅವಳ ತೋಳು ಹಿಡಿದೆಳೆದ. “ಮೇಡಂ, ಚಿಂಗ್‌ಮಿಂಗ್ ದಿನ ಸತ್ತವನ ಹೆಸರು ಹಿಡಿದು ಕರೀಬೇಡಿ!”

ನೀರು ಬಂತು, ಹೋಯಿತು.

ಆಮೇಲೆ ಆ ಬಿಳುಪಿನ ನಡುವಿನಿಂದ ಒಂದು ದನಿ ಓಗೊಟ್ಟಿತು. ಮುದಿ ದನಿ. ಆದರೆ ಆಟ ಬಿಟ್ಟು ಓಡಿಬರುವ ಮಗುವಿನ ದನಿಯಂತೆ ತಟ್ಟನೆ ಬಂತು.

“ಓ... ಯಾರದು? ಯಾರು ಕರೆದದ್ದು ಮಾರಾಯ್ತಿ?”

ವಾನ್‌ಚೆನ್ ಬಾಯಿಗೆ ಸೆರಗಿನಂತೆ ತನ್ನ ಶಾಲನ್ನು ತುರುಕಿಕೊಂಡಳು. ಹುಟ್ಟಿದಾಗಿನಿಂದ ಅವಳು ಆ ದನಿ ಈ ದಡದ ಮಾತಾಡಿದ್ದನ್ನು ಕೇಳಿರಲಿಲ್ಲ. ಅದು ಅವಳ ಅಪ್ಪನದ್ದೇ.

“ನಾನು ಡಾಂಗ್ ಮನೆಯ ಲೀಹ್ವಾ, ಅಜ್ಜ! ಆಹಾಯ್ ತಂಗಿ! ಹೋದ ದಾರಿಯಲ್ಲೇ ವಾಪಸ್ ಬನ್ನಿ!”

ಮಂಜಿನೊಳಗಿಂದ ಆ ದನಿಯೇ ಮತ್ತೆ ಬಂತು.

“ಬರಲಿಕ್ಕೆ ಆಗುದಿಲ್ಲ ಮಗಾ. ಬರುವಾಗ ಇದ್ದ ಕಲ್ಲು ಈಗ ಇಲ್ಲ, ಕಲ್ಲಿಲ್ಲದೆ ಈ ಮುದಿ ತಲೆಗೆ ದಾರಿ ನೆನಪಿಲ್ಲ. ನನ್ನ ಬೆನ್ನ ಹಿಂದೆಯೇ ಯಾರೋ ಒಂದೊಂದಾಗಿ ಹೆಕ್ಕಿಕೊಂಡು ಹೋಗಿದ್ದಾರೆ. ಮಂಜಿನಲ್ಲಿ ಸದ್ದು ಕೇಳಿತ್ತು. ಅಲೆ ಅಂತ ಮಾಡಿದೆ.” ಆಮೇಲೆ ಮೆಲ್ಲಗೆ, “ನನ್ನ ಕಾಲಿನ ಬುಡಕ್ಕೆ ನೀರು ಬಂತು.”

ಲೀಹ್ವಾ ತಿರುಗಿ ಗುಡ್ಡದ ಕಡೆ ನೋಡಿದಳು. ಅಲ್ಲಿ, ಮಂಜಿನ ಮೇಲೆ, ನೂರಾರು ಗೋರಿಗಳ ಹಳದಿ ಕಾಗದದ ಮೇಲೆ ಒಂದೊಂದು ಬಿಳಿ ಕಲ್ಲು. ವಾನ್‌ಚೆನ್ ತನ್ನ ತಾಯಿಗೆಂದು ತಂದದ್ದು. ಆಬೋಕ್ ತನ್ನ ತಂದೆಗೆ ಇಟ್ಟು ಬಂದದ್ದು. ಮುದುಕನೊಬ್ಬ ಮನೆಗೆ ಬರಬೇಕಾದ ದಾರಿ ಇಡೀ ಗುಡ್ಡಕ್ಕೆ ಹಂಚಿಹೋಗಿತ್ತು.

ಇನ್ನು ಆ ದಾರಿ ಉಳಿದಿರುವುದು ಒಬ್ಬನ ತಲೆಯೊಳಗೆ ಮಾತ್ರ.

ಯಾನ್ ಬೇಲಿಯಿಂದ ನಾಲ್ಕು ಮಾರು ಹಿಂದೆ, ಕೈಗಳನ್ನು ಕೋಟಿನ ತೋಳುಗಳೊಳಗೆ ಹುದುಗಿಸಿಕೊಂಡು ನಿಂತಿದ್ದ. ಲೀಹ್ವಾ ಅವನ ಬಲಗೈ ಹಿಡಿದು ಹೊರಗೆಳೆದಳು. ಉಗುರಿನ ಸಂದಿಯಲ್ಲಿ ಹೊನ್ನು. ಮುಷ್ಟಿಯೊಳಗೆ ಬಣ್ಣಗೆಟ್ಟ ಪಟ್ಟಿಯ ಹಳೆಯ ಪದಕ. ಐದನೆಯದು.

“ಬೆಳಗ್ಗೆ ನನ್ನ ಕೈಗೆ ಕೊಟ್ಟ,” ಎಂದ ಯಾನ್. “‘ತಗೋ, ಇದು ನಿನ್ನ ಲೆಫ್ಟಿನೆಂಟರದ್ದು’ ಅಂದ. ಕೊಡೋವಾಗ ಇನ್ನೂ ಒಂದು ಮಾತು ಹೇಳಿದ.”

“ಏನು ಹೇಳಿದರು?”

“ಅವನನ್ನೇ ಕೇಳು.”

ವಾನ್‌ಚೆನ್ ಅವನ ಕಾಲಬಳಿ ಮರಳಿನಲ್ಲಿ ಕೂತುಬಿಟ್ಟಿದ್ದಳು. “ತಾತ, ನನ್ನನ್ನ ಹೆಗಲ ಮೇಲೆ ಹೊತ್ತು ಬೆಳೆಸಿದವರು ನೀವು. ನಿಮ್ಮ ದಮ್ಮಯ್ಯ.”

ಯಾನ್ ಅವಳನ್ನು ನೋಡಲಿಲ್ಲ. ಬೇಲಿಯ ತಂತಿಯವರೆಗೆ ನಡೆದು ಬಂದ. ಪದಕವನ್ನು ನಿಧಾನವಾಗಿ, ಆ ನಡುಗದ ಬೆರಳುಗಳಿಂದ, ತನ್ನ ಹಳೆಯ ಕೋಟಿಗೆ ಚುಚ್ಚಿಕೊಂಡ. ಆಮೇಲೆ ಮಂಜಿನ ಕಡೆ ಮುಖ ಮಾಡಿ ಕೂಗಿದ. ಅದು ಸಾರ್ಜೆಂಟನ ಕೂಗು.

“ಲೋ ಕೂಲಿ! ಲೆಫ್ಟಿನೆಂಟರು ಸತ್ತ ದಿನ ಬಾಂಬಿನ ಮೇಲೆ ಗುರುತಿಗಿಟ್ಟ ಕಲ್ಲನ್ನ ಎತ್ತಿದ್ದು ಯಾರು? ಬೆಳಗ್ಗೆ ನನಗೆ ಹೇಳಿದ್ಯಲ್ಲ, ಈಗ ನಿನ್ನ ಮಗಳಿಗೂ ಹೇಳು!”

ಅಲೆಯೊಂದು ಬಂದು ಒಡೆಯಿತು. ಇನ್ನೊಂದು ಬಂತು.

ಆ ಬಿಳುಪಿನೊಳಗಿಂದ ಯಾವ ದನಿಯೂ ಬರಲಿಲ್ಲ.

ಅಂಗಳದಲ್ಲಿ ಸೊಂಟದವರೆಗೆ ಬಾಗಿದ್ದ ಆ ಬೆನ್ನು ಲೀಹ್ವಾಳ ಕಣ್ಣ ಮುಂದೆ ಬಂತು. ಅದು ಯಾರಿಗಾಗಿ ಬಾಗಿತ್ತು? ಒಬ್ಬ ಆಹಾಯ್‌ಗಾಗಿಯೇ?

ಅದನ್ನೆಲ್ಲ ಆಮೇಲೆ ಕೇಳಬಹುದು. ನೀರು ಕಾಯುವುದಿಲ್ಲ.

“ಏನೇ ಇರಲಿ ತಾತ, ಅದನ್ನ ವಿಚಾರಿಸೋದು ನನ್ನ ಕೆಲಸ,” ಎಂದಳು. “ಮೊದಲು ಅವರು ಹೊರಗೆ ಬರಲಿ. ನೀವು ಮುಂದೆ ನಡೀರಿ, ನಿಮ್ಮ ಹೆಜ್ಜೆಯ ಮೇಲೆ ನಾನು ಹೆಜ್ಜೆ ಇಡ್ತೀನಿ. ದಾರಿ ತೋರಿಸಿ.”

ಯಾನ್ ಬೇಲಿಯ ಬಾಗಿಲನ್ನು ಎಳೆದು ಮುಚ್ಚಿ ಕೊಂಡಿ ಹಾಕಿದ. ಅದಕ್ಕೆ ಬೆನ್ನು ಕೊಟ್ಟು ನಿಂತ.

“ತೋರಿಸಲ್ಲ.”